ಬಾಡಿದ ಗಿಡಕ್ಕೆಲ್ಲ ಬಾಯಾರಿಕೆಯಲ್ಲ

“ಈ ಗಿಡಕ್ಕೆ ಬಾಯಾರಿಲ್ಲ, ಉಸಿರು ಕಟ್ಟಿದೆ.” ನಾವು ಬಂದು ನೆಲೆಸಿದ ಈ ಚಳಿ ದೇಶದಲ್ಲಿ ಪಕ್ಕದ ಮನೆಯ ಅಜ್ಜಿ ನಮ್ಮ ಕರಿಬೇವಿನ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ, ತೂಕ ನೋಡಿ, ಕೆಳಗಿಟ್ಟು ಹೇಳಿದ ಮಾತಿದು. ತಂಬಿಗೆ ಹಿಡಿದು ನಿಂತವರಿಗೆ ಇದು ಚುರುಕ್ ಅನ್ನುತ್ತದೆ. ಬಾಡಿದ ಗಿಡಕ್ಕೆ ನೀರು ಹಾಕುವುದೂ ತಪ್ಪೇ? ಕುಂಡದ ಮಟ್ಟಿಗೆ ಎಷ್ಟೋ ಸಲ ತಪ್ಪೇ. ಆ ಅಜ್ಜಿ ಹೇಳಿದ್ದು ಸರಿ.

ನಮ್ಮ ಕಡೆ ನೀರು ಹಾಕುವುದಕ್ಕೆ ಹೊತ್ತು ಇದೆ, ಅಳತೆ ಇಲ್ಲ. ಬೆಳಗ್ಗೆ ಒಮ್ಮೆ, ದೀಪ ಹಚ್ಚುವ ಮೊದಲು ಇನ್ನೊಮ್ಮೆ, ಗಿಡಕ್ಕೊಂದು ತಂಬಿಗೆ. ಊರಿಗೆ ಹೊರಟರೆ “ಗಿಡಕ್ಕೆ ದಿನಾ ನೀರು ಹಾಕ್ತಿರಿ” ಎಂದು ಪಕ್ಕದವರಿಗೆ ಹೇಳಿ ಹೋಗುತ್ತೇವೆ. ಈ ಚಳಿ ದೇಶದವರು ಹೊತ್ತು ನೋಡುವುದಿಲ್ಲ, ಮಣ್ಣು ನೋಡುತ್ತಾರೆ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ, ಅಂದರೆ ಸುಮಾರು 5 ಸೆಂ.ಮೀ. ಆಳಕ್ಕೆ ಇಳಿಸುತ್ತಾರೆ. ತಣ್ಣಗೆ ಅಂಟಿದರೆ ಆ ದಿನ ನೀರಿಲ್ಲ. ಒಣಗಿದ್ದರೆ ತಳದ ತೂತಿನಿಂದ ಹರಿದು ಬರುವಷ್ಟು ಹಾಕಿ, ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತಾರೆ. ಆಮೇಲೆ ಮತ್ತೆ ಒಣಗುವ ತನಕ ಮುಟ್ಟುವುದಿಲ್ಲ, ಅದು 3 ದಿನವಾಗಲಿ, ಚಳಿಗಾಲದಲ್ಲಿ 15 ದಿನವಾಗಲಿ. ನಮ್ಮ ಹೊತ್ತುಹೊತ್ತಿನ ತಂಬಿಗೆ ಇದಕ್ಕೆ ಪೂರಾ ಉಲ್ಟಾ. ಮೇಲಿನ ಮಣ್ಣು ಸದಾ ಒದ್ದೆ. ಕುಂಡ ದೊಡ್ಡದಾಗಿದ್ದರೆ ತಳ ಒಣಗಿರಲೂಬಹುದು.

ಬೇರಿಗೂ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರೇ ತುಂಬಿಕೊಂಡರೆ ಆಮ್ಲಜನಕಕ್ಕೆ ಜಾಗವಿಲ್ಲ. ಬೇರು ಸೊರಗುತ್ತದೆ, ಕೊಳೆರೋಗ ಹತ್ತುತ್ತದೆ, ನೀರು ಹೀರುವ ಶಕ್ತಿ ಹೋಗುತ್ತದೆ. ನೀರಿನ ಮಧ್ಯೆ ನಿಂತ ಗಿಡ ನೀರು ಸಿಗದೆ ಬಾಡುತ್ತದೆ. ಅದನ್ನು ಕಂಡು ನಾವು ಇನ್ನೊಂದು ತಂಬಿಗೆ ಸುರಿಯುತ್ತೇವೆ. ಗಿಡ ಸಾಯುವುದು ಈ ಎರಡನೇ ತಂಬಿಗೆಯಿಂದ.

ಎರಡು ಬಾಡುವಿಕೆಯನ್ನೂ ಬೇರೆ ಮಾಡಿ ನೋಡಲು ಬರುತ್ತದೆ. ನೀರಿಲ್ಲದೆ ಬಾಡಿದ್ದರೆ ಕುಂಡ ಹಗುರ, ಎಲೆಯ ಅಂಚು ಗರಿಗರಿ, ಮಣ್ಣು ಕುಂಡದ ಗೋಡೆ ಬಿಟ್ಟು ಒಳಸರಿದಿರುತ್ತದೆ. ನೀರು ಕೊಟ್ಟ ಕೆಲವೇ ಗಂಟೆಗಳಲ್ಲಿ ಗಿಡ ತಲೆ ಎತ್ತುತ್ತದೆ. ನೀರು ಹೆಚ್ಚಾಗಿದ್ದರೆ ಕುಂಡ ಭಾರ, ಕೆಳಗಿನ ಎಲೆಗಳು ಮೊದಲು ಹಳದಿ, ಮುಟ್ಟಿದರೆ ಉದುರುತ್ತವೆ. ಅನುಮಾನವಿದ್ದರೆ ಕುಂಡ ಓರೆ ಮಾಡಿ ಬೇರು ನೋಡಿಬಿಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಚೆನ್ನಾಗಿದೆ. ಕಂದಾಗಿ, ಎಳೆದರೆ ಸಿಪ್ಪೆ ಜಾರಿ ನೂಲಿನಂಥ ಎಳೆ ಉಳಿದರೆ, ಹಳಸಲು ವಾಸನೆ ಬಂದರೆ ಕೊಳೆತಿದೆ. ಕೊಳೆತದ್ದನ್ನೆಲ್ಲ ಚೊಕ್ಕ ಕತ್ತರಿಯಿಂದ ತೆಗೆದು, ಉಳಿದ ಬೇರಿಗೆ ತಕ್ಕ ಚಿಕ್ಕ ಕುಂಡದಲ್ಲಿ ಹೊಸ ಮಣ್ಣಿನಲ್ಲಿ ನೆಟ್ಟು, ಒಮ್ಮೆ ನೀರು ಕೊಟ್ಟು ಬಿಡಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ.

ಕುಂಡದ ತಳಕ್ಕೆ ಜಲ್ಲಿ ಇಲ್ಲವೇ ಒಡೆದ ಹೆಂಚು ಹಾಸುವುದು ನಮ್ಮಲ್ಲಿ ಪ್ರಶ್ನೆಯೇ ಇಲ್ಲದ ಪದ್ಧತಿ. ನೀರು ಬಸಿಯಲಿ ಎಂದು ಹಾಸುವುದು, ಆಗುವುದು ಬೇರೆ. ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸಲೀಸಾಗಿ ಇಳಿಯದು; ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಅಲ್ಲೇ ತಡೆದು ನಿಲ್ಲುತ್ತದೆ. ಜಲ್ಲಿ ಇಲ್ಲದಿದ್ದರೆ ಆ ಕೆಸರಿನ ಪದರ ತಳದಲ್ಲಿ ಇರುತ್ತಿತ್ತು. 5 ಸೆಂ.ಮೀ. ಜಲ್ಲಿ ಹಾಕಿದರೆ ಅದೇ ಪದರ 5 ಸೆಂ.ಮೀ. ಮೇಲೇರಿ ಬೇರಿನ ಬುಡಕ್ಕೆ ಬರುತ್ತದೆ. ಮಣ್ಣು ಜಾರದಂತೆ ತೂತಿನ ಮೇಲೆ ಒಂದು ತುಂಡು ಬಲೆ ಸಾಕು. ಬಸಿಯುವ ಗುಣ ಮಣ್ಣಿನಲ್ಲೇ ಇರಬೇಕು: 2 ಪಾಲು ತೆಂಗಿನ ನಾರಿನ ಪುಡಿ, 1 ಪಾಲು ಚೆನ್ನಾಗಿ ಕಳಿತ ಗೊಬ್ಬರ, 1 ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಅಥವಾ ದಪ್ಪ ಮರಳು. ಬರೀ ಕೆಂಪು ಮಣ್ಣು ಕುಂಡದಲ್ಲಿ ಕೆಲವೇ ತಿಂಗಳಲ್ಲಿ ಇಟ್ಟಿಗೆಯಂತೆ ಕೂತುಬಿಡುತ್ತದೆ.

ಆ ನಾರಿನ ಪುಡಿಯ ಚೀಲ ತಿರುಗಿಸಿ ನೋಡಿದರೆ ಭಾರತದ್ದೋ ಶ್ರೀಲಂಕಾದ್ದೋ ಆಗಿರುವುದೇ ಹೆಚ್ಚು. ನಮ್ಮ ಹಿತ್ತಲಲ್ಲಿ ಒಲೆಗೆ ಹೋಗುವ ಸಿಪ್ಪೆಯ ಮಗಳು ಇಲ್ಲಿ ಕಿಟಕಿ ಕುಂಡಗಳನ್ನೆಲ್ಲ ಸಾಕುತ್ತಿದ್ದಾಳೆ. ನೋಡಿದಾಗ ಮನಸ್ಸು ತುಂಬುತ್ತದೆ. ಒಂದು ಎಚ್ಚರ ಬೇಕು: ಅದರಲ್ಲಿ ಉಪ್ಪಿನಂಶ ಇರಬಹುದು. ಇಟ್ಟಿಗೆಯಂತೆ ಒತ್ತಿ ಮಾರುವ ಆ ಪುಡಿಯನ್ನು ನೆನೆಸಿ ಉಬ್ಬಿದ ಮೇಲೆ 2–3 ಸಲ ನೀರು ಬದಲಿಸಿ ಹಿಂಡಿ ಬಳಸಿ, ಇಲ್ಲದಿದ್ದರೆ ಎಳೆ ಸಸಿಯ ಎಲೆತುದಿ ಸುಡುತ್ತದೆ.

ಕುಂಡದ ಮೇಲೆ ಹಾರಾಡುವ ಪುಟ್ಟ ಕಪ್ಪು ನೊಣಗಳೂ ಇದೇ ಕಥೆಯ ಭಾಗ. ಅವು ಮೊಟ್ಟೆ ಇಡುವುದು ಸದಾ ಒದ್ದೆಯಾದ ಮೇಲ್ಮಣ್ಣಿನಲ್ಲಿ. ಮೇಲಿನ 3–4 ಸೆಂ.ಮೀ. ಒಣಗಲು ಬಿಟ್ಟು ಹಳದಿ ಅಂಟುಪಟ್ಟಿ ನೆಟ್ಟರೆ ಕೆಲವು ವಾರಗಳಲ್ಲಿ ಹತೋಟಿಗೆ ಬರುತ್ತವೆ. ಔಷಧಿಗಿಂತ ತಂಬಿಗೆ ಕೆಳಗಿಡುವುದೇ ಮುಖ್ಯ.

ಚಳಿಗಾಲವೇ ನಮ್ಮವರು ಹೆಚ್ಚು ಎಡವುವ ಕಾಲ. ರಾತ್ರಿ 10 ಡಿಗ್ರಿಗೆ ಇಳಿಯುವ ಹೊತ್ತಿಗೆ ಕರಿಬೇವು ಒಳಗೆ ಬರಬೇಕು. ಬೆಳಕು ಕಡಿಮೆ, ಬೆಳವಣಿಗೆ ನಿಂತಿದೆ, ಎಲೆ ಉದುರುತ್ತದೆ. ಬೋಳಾದದ್ದು ಕಂಡು ಗಾಬರಿಯಾಗಿ ನೀರು, ಗೊಬ್ಬರ ಎರಡನ್ನೂ ಹೆಚ್ಚಿಸುವವರೇ ಜಾಸ್ತಿ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ: ಒಳಗೆ ಹಸಿರಿದ್ದರೆ ಜೀವವಿದೆ, ಬಿಸಿಲು ಬರುವ ಕಿಟಕಿಯಲ್ಲಿಟ್ಟು ಸುಮ್ಮನಿರಿ. ಈ ಸುಮ್ಮನಿರುವುದು ನಮಗೆ ಬರುವುದೇ ಇಲ್ಲ. ನೀರು ಹಾಕದೆ ಇದ್ದರೆ ಗಿಡವನ್ನು ಮರೆತಂತೆ ಅನಿಸುತ್ತದೆ. ಇಲ್ಲಿಯವರಿಗೆ ಹಾಗೆ ಅನಿಸದು, ಅವರ ಗಿಡಗಳು ಬದುಕುತ್ತವೆ.

ಇಷ್ಟು ಹೇಳಿದ ಮೇಲೆ, ಮನಸ್ಸಿಲ್ಲದಿದ್ದರೂ, ಊರಿನ ಪರವಾಗಿ ಒಂದೆರಡು ಮಾತು ಒಪ್ಪಬೇಕು. ನೆಲದಲ್ಲಿ ಬೇರಿಗೆ ತಳವಿಲ್ಲ, ಹೆಚ್ಚಾದ ನೀರು ಆಳಕ್ಕೆ ಇಳಿದುಹೋಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಮಣ್ಣಿನ ಕುಂಡ ಒಂದೇ ದಿನಕ್ಕೆ ಒಣಗುತ್ತದೆ. ಅಲ್ಲಿ ಸಂಜೆಯ ತಂಬಿಗೆ ತಪ್ಪಲ್ಲ, ಅದು ಆ ನೆಲಕ್ಕೆ ಹುಟ್ಟಿದ ಅಭ್ಯಾಸ.

ಇನ್ನೊಂದು ವಿಷಯದಲ್ಲಂತೂ ಊರೇ ಮೇಲು. ಹಿತ್ತಲ ಕರಿಬೇವು ಪೊದೆಯಾಗಿರುವುದು ಬೀದಿಯವರೆಲ್ಲ ಬಂದು ಟೊಂಗೆ ಮುರಿಯುವುದರಿಂದ. ತುದಿ ಮುರಿದರೆ ಅದರ ಕೆಳಗಿನ ಕಣ್ಣುಗಳು ಒಡೆಯುತ್ತವೆ, ಒಂದಿದ್ದ ಟೊಂಗೆ ಎರಡೋ ಮೂರೋ ಆಗುತ್ತದೆ. ಇಲ್ಲಿ ಗಿಡ ಅಪರೂಪ ಎಂದು ಬುಡದ ಎಲೆಯನ್ನಷ್ಟೇ ಒಂದೊಂದಾಗಿ ಕೀಳುತ್ತೇವೆ. ನೆತ್ತಿಯ ಮೊಗ್ಗು ಹಾಗೇ ಉಳಿದು, ಗಿಡ ಕೋಲಿನಂತೆ ಕಿಟಕಿಯ ಎತ್ತರಕ್ಕೆ ಹೋಗುತ್ತದೆ. ಹಗಲು ಉದ್ದವಾಗಿ ಹೊಸ ಚಿಗುರು ಹೊರಟ ಮೇಲೆ, ಗಿಡ ಮೊಳಕಾಲು ದಾಟಿದ್ದರೆ, ಮೇಲಿನ ಒಂದು ಗೇಣನ್ನು ಎಲೆ ಬುಡದ ಸ್ವಲ್ಪ ಮೇಲೆ ಕತ್ತರಿಸಿ. ಹೂಗೊಂಚಲು ಬಂದರೆ ಅದನ್ನೂ ಚಿವುಟಿ. ಆ ಅಜ್ಜಿಗೆ ನೀರಿನ ಲೆಕ್ಕ ಗೊತ್ತು, ಹೀಗೆ ಕೈಯಲ್ಲೇ ಟೊಂಗೆ ಮುರಿಯುವುದು ಕಂಡರೆ ಮಾತ್ರ “ಅಯ್ಯೋ” ಅನ್ನುತ್ತಾರೆ. ಕೆಲವು ವಾರ ಕಳೆದು ಮೂರು ಕಡೆ ಚಿಗುರಿದ್ದನ್ನು ಅವರನ್ನೇ ಕರೆದು ತೋರಿಸಬಹುದು.