ಡಿಫರ್ ಆದವರ ಕಥೆ ಏನು?

ಅಮೆರಿಕದಲ್ಲಿ ಒಂದೇ ಕಾಲೇಜಿಗೆ ಮುಂಚಿತವಾಗಿ ಅರ್ಜಿ ಹಾಕುವ ಅರ್ಲಿ ಡಿಸಿಷನ್ ಬಗೆಗಿನ ನಿಮ್ಮ ಲೇಖನದಲ್ಲಿ 'ಅರ್ಲಿ ಡಿಸಿಷನ್ ಹಾಕಿದರೆ ಡಿಸೆಂಬರ್‌ನಲ್ಲೇ ಚಿಂತೆ ಮುಗಿಯುತ್ತದೆ' ಎಂದು ಬರೆದಿದ್ದೀರಿ. ಸೀಟು ಸಿಕ್ಕವರಿಗೆ ಸರಿ. ಹೌದೂ ಅಲ್ಲ, ಇಲ್ಲವೂ ಅಲ್ಲ ಅಂತ ಡಿಫರ್ ಆದವರಿಗೆ, ಅಂದರೆ ತೀರ್ಮಾನ ಮುಂದಕ್ಕೆ ಹೋದವರಿಗೆ?

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ನವೆಂಬರ್ 1ಕ್ಕೆ ಅರ್ಜಿ ಹಾಕಿದ್ದಳು. ಆಮೇಲೆ ಆರು ವಾರ ಮನೆಯಲ್ಲಿ ಯಾರೂ ಕಾಲೇಜಿನ ಮಾತೆತ್ತುವ ಹಾಗಿರಲಿಲ್ಲ. ಫಲಿತಾಂಶ ಸಂಜೆ 7ಕ್ಕೆ. ಅವಳು ಲ್ಯಾಪ್‌ಟಾಪ್ ಹಿಡಿದು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಒಲೆ ಮೇಲೆ ಸಾರು ಉಕ್ಕಿದ್ದೂ ಗೊತ್ತಾಗದೆ ಬಾಗಿಲ ಹೊರಗೇ ನಿಂತಿದ್ದೆ. ಡಿಫರ್! ಅಂದರೆ ಮಾರ್ಚ್ ಕೊನೆವರೆಗೆ ಮತ್ತೆ ಕಾಯುವುದು. ಉಳಿದ ಕಾಲೇಜುಗಳ ಗಡುವು ಜನವರಿ ಮೊದಲ ವಾರ. ಕ್ರಿಸ್‌ಮಸ್ ರಜೆಯಿಡೀ ಒಂಬತ್ತು ಪ್ರಬಂಧ ಬರೆದಳು, ಅದೂ ಮುಖ ಊದಿಸಿಕೊಂಡು. ಚಿಂತೆ ಮುಗಿಯುವುದು ಅಂದರೆ ಇದೇ ಅಲ್ವಾ?

ದುಡ್ಡಿನ ವಿಷಯವನ್ನಂತೂ ನೀವು ಮುಟ್ಟಿಯೇ ಇಲ್ಲ. ಅರ್ಲಿ ಡಿಸಿಷನ್‌ನಲ್ಲಿ ಸೀಟು ಕೊಟ್ಟರೆ ಸೇರುತ್ತೇವೆ ಅಂತ ಮೊದಲೇ ಸಹಿ ಹಾಕಿರುತ್ತೇವೆ, ಬೇರೆ ಅರ್ಜಿಗಳೆಲ್ಲ ವಾಪಸ್. ಇನ್ನೊಂದು ಕಾಲೇಜು ಎಷ್ಟು ನೆರವು ಕೊಡುತ್ತಿತ್ತು ಅಂತ ಹೋಲಿಸಿ ನೋಡಲೂ ಆಗುವುದಿಲ್ಲ. ಬೇಗ ಅರ್ಜಿ ಹಾಕಿದರೂ ಈ ಕಟ್ಟು ಇಲ್ಲದ ಅರ್ಲಿ ಆಕ್ಷನ್ ಬಗ್ಗೆ ಒಂದು ಸಾಲಾದರೂ ಬರೆಯಬಹುದಿತ್ತು.