ಫಿಟ್ಜ್‌ಜೆರಾಲ್ಡ್ ಮತ್ತು ಅವರ ಗುರು ಕೋವೆಲ್

ಇಂಗ್ಲಿಷ್ ಕವಿ, ಅನುವಾದಕ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ ಕುರಿತ ಲೇಖನವೊಂದನ್ನು ಆಸಕ್ತಿಯಿಂದ ಓದಿದೆ. ಪಾರಸಿ ಕವಿ ಉಮರ್ ಖಯ್ಯಾಮನ ರುಬಾಯಿಗಳನ್ನು (ನಾಲ್ಕು ಸಾಲಿನ ಬಿಡಿ ಪದ್ಯಗಳನ್ನು) ಅವರು ಯಾರ ನೆರವೂ ಇಲ್ಲದೆ ಇಂಗ್ಲಿಷಿಗೆ ತಂದರೆಂಬ ಭಾವನೆ ಲೇಖನದಿಂದ ಮೂಡುತ್ತದೆಯಾದ್ದರಿಂದ, ಅವರಿಗೆ ಪಾರಸಿ ಕಲಿಸಿದ ಎಡ್ವರ್ಡ್ ಕೋವೆಲ್ ಅವರನ್ನು ಇಲ್ಲಿ ನೆನೆಯಲೇಬೇಕು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಖಯ್ಯಾಮನ ಹಸ್ತಪ್ರತಿಯನ್ನು ಕಂಡು 1856ರಲ್ಲಿ ಅದರ ನಕಲನ್ನು ಗೆಳೆಯ ಫಿಟ್ಜ್‌ಜೆರಾಲ್ಡ್ ಅವರಿಗೆ ಕೊಟ್ಟವರೂ, ಅದೇ ವರ್ಷ ಅಧ್ಯಾಪಕರಾಗಿ ಕಲ್ಕತ್ತೆಗೆ ಹೊರಟು, ಅಲ್ಲಿನ ಏಷಿಯಾಟಿಕ್ ಸೊಸೈಟಿಯಲ್ಲಿದ್ದ ಇನ್ನೊಂದು ಪ್ರತಿಯ ನಕಲನ್ನು ಕಳುಹಿಸಿಕೊಟ್ಟವರೂ ಕೋವೆಲ್ ಅವರೇ. ವಯಸ್ಸಿನಲ್ಲಿ ಈ ಗುರು ಶಿಷ್ಯನಿಗಿಂತ ಸುಮಾರು 17 ವರ್ಷ ಚಿಕ್ಕವರು.

ಅನುವಾದದಲ್ಲಿ ಮೂಲನಿಷ್ಠೆಯಿಲ್ಲ ಎಂಬ ಲೇಖಕರ ಆಕ್ಷೇಪವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಚೌಪದಿಗಳನ್ನು ಆಯ್ದು, ಕೆಲವೆಡೆ ಎರಡು ಮೂರನ್ನು ಬೆಸೆದು, ಬೆಳಗಿನ ಸೂರ್ಯೋದಯದಿಂದ ಇರುಳಿನ ಚಂದ್ರೋದಯದವರೆಗೆ ಸಾಗುವ ಒಂದೇ ಕಾವ್ಯವಾಗಿ ಜೋಡಿಸಿದ್ದು ಫಿಟ್ಜ್‌ಜೆರಾಲ್ಡ್ ಅವರ ಸ್ವಂತ ಕಲ್ಪನೆ. ಆದರೆ ಅದು ಉಡಾಫೆಯ ಕೆಲಸವಲ್ಲ. 1859ರಲ್ಲಿ ತಮ್ಮ ಹೆಸರನ್ನೂ ಹಾಕದೆ ಪ್ರಕಟಿಸಿದ ಮೊದಲ ಆವೃತ್ತಿಯಲ್ಲಿದ್ದ 75 ಪದ್ಯಗಳನ್ನು ಅವರು 1868ರಲ್ಲಿ 110ಕ್ಕೆ ಹಿಗ್ಗಿಸಿ, 1872ರಲ್ಲಿ 101ಕ್ಕೆ ಇಳಿಸಿ, 1879ರ ಆವೃತ್ತಿಯವರೆಗೂ ತಿದ್ದುತ್ತಲೇ ಇದ್ದರು. ಡಿ.ವಿ.ಜಿ.ಯವರ ‘ಉಮರನ ಒಸಗೆ’ ಕನ್ನಡಕ್ಕೆ ದಕ್ಕಿದ್ದು ಈ ಇಂಗ್ಲಿಷ್ ರೂಪದ ಮೂಲಕವೇ. ಲೇಖನದಲ್ಲಿ ಅದರ ಪ್ರಸ್ತಾಪವನ್ನೂ ಸೇರಿಸಬೇಕೆಂದು ಲೇಖಕರಲ್ಲಿ ವಿನಂತಿಸುತ್ತೇನೆ.