ನಿಮ್ಮ ನೆರಳು ವರ್ಗಾವಣೆಯಾಗಿದೆ

ಪರಿಸರ ಉಳಿಸೋಕೆ ಇನ್ನು ಯಾರೂ ಬೀದಿಗಿಳಿದು ಕೂಗಬೇಕಿಲ್ಲ. ಮಾರುಕಟ್ಟೆ ನೋಡಿಕೊಳ್ಳುತ್ತದೆ. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ರೀನ್ ಕ್ರೆಡಿಟ್ ನಿಯಮ ತಂದಿತಲ್ಲ, ದುಡ್ಡು ಕಟ್ಟಿ ಎಲ್ಲೋ ಹಾಳುಬಿದ್ದ ಅರಣ್ಯ ಜಮೀನಲ್ಲಿ ಗಿಡ ನೆಡಿಸಿದರೆ ಮರಕ್ಕೊಂದು ಕ್ರೆಡಿಟ್, ಅಂದರೆ ಪರಿಸರಕ್ಕೆ ಒಳ್ಳೇದು ಮಾಡಿದ್ದಕ್ಕೆ ಖಾತೆಗೆ ಬೀಳೋ ಒಂದು ಅಂಕ. ಮೊದಲಿಗೆ ಗಿಡ ನೆಟ್ಟು ಎರಡು ವರ್ಷ ಆದರೆ ಸಾಕು, ಕ್ರೆಡಿಟ್ ಸಿಗುತ್ತೆ ಅಂದಿದ್ದರು. 2025ರಲ್ಲಿ ಅದನ್ನು ಐದು ವರ್ಷ ಮಾಡಿದರು. ಗಿಡ ಬದುಕಿದೆಯಾ ಅಂತಲೂ ನೋಡಬೇಕು ಅನ್ನೋದು ಹೊಳೆಯೋಕೆ ಸ್ವಲ್ಪ ಟೈಮ್ ಬೇಕಾಗುತ್ತೆ, ಅಲ್ವಾ?

ಇಂಥ ಒಳ್ಳೇ ಯೋಜನೆಯನ್ನು ಚಾಮುಂಡಿ ಬೆಟ್ಟಕ್ಕೂ ತರಬೇಕು. ಸಾವಿರ ಮೆಟ್ಟಿಲು ಹತ್ತುವ ಹರಕೆ ನಿಮ್ಮದು. ಮಂಡಿ ನೋವೂ ನಿಮ್ಮದೇ. ಕಾಲೇಜು ಹುಡುಗನೊಬ್ಬ ಹೊಟ್ಟೆ ಕರಗಿಸೋಕೆ ದಿನಾ ಬೆಳಗ್ಗೆ ಸುಮ್ನೆ ಹತ್ತುತ್ತಿರುತ್ತಾನೆ. ಅವನ ಮೆಟ್ಟಿಲು ಖರೀದಿ ಮಾಡಿ. ನಂದಿ ಪಕ್ಕ ಒಂದು ಕೌಂಟರ್. ಆಷಾಢ ಶುಕ್ರವಾರ ರೇಟು ಡಬಲ್. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹೆಂಗಸರಿಗೆ ಇನ್ನೂ ಜಾಸ್ತಿ, ಬಗ್ಗಿ ಎದ್ದಿದ್ದಕ್ಕೆ ಕೂಲಿ ಬೇಡವಾ? ಸಂಜೆಯಷ್ಟರಲ್ಲಿ ಮುಂಬೈಯಲ್ಲಿ ಕೂತವನೊಬ್ಬ ಲಕ್ಷ ಮೆಟ್ಟಿಲಿನ ಒಡೆಯ. ಬೆಟ್ಟ ಯಾವ ದಿಕ್ಕಿಗಿದೆ ಅಂತ ಅವನಿಗೆ ಗೊತ್ತಿಲ್ಲ. ತಾಯಿ ರಸೀದಿ ನೋಡಿಕೊಂಡು ಸುಮ್ಮನಿರಬೇಕು.

ಮಂಡ್ಯದ ಕಡೆ ಕಾರ್ಬನ್ ಕ್ರೆಡಿಟ್ ಅಂತ, ಅಂದರೆ ಮರ ಹೀರುವ ಇಂಗಾಲಕ್ಕೆ ದುಡ್ಡು ಕೊಡಿಸ್ತೀನಿ ಅಂತ, ಏಜೆಂಟ್ ಒಬ್ಬ ಊರಿಗೆ ಬಂದ. ಹೊಸದಾಗಿ ನೆಟ್ಟ ಗಿಡಕ್ಕೆ ಮಾತ್ರ ದುಡ್ಡು ಅಂದ. ನಮ್ಮ ಮಾವ ಕೇಳಿದರು:

"ಬದಿನ ಮೇಲೆ ನಮ್ಮಪ್ಪ ಹಾಕಿದ್ ಹುಣಸೆಮರ ಐತಲ್ಲ ಸ್ವಾಮಿ, ಅದ್ಕೆ?"

"ಅದು ಲೆಕ್ಕಕ್ಕೆ ಬರಲ್ಲ ಯಜಮಾನ್ರೇ."

"ಹಂಗಾದ್ರೆ ಅದನ್ನ ಕಡ್ದು, ಅಲ್ಲೇ ಒಂದು ಸಸಿ ನೆಟ್ರೆ?"

ಏಜೆಂಟ್ ಫೋನು ಕಿವಿಗಿಟ್ಟುಕೊಂಡು ಎದ್ದು ಹೋದ. ಫೋನು ರಿಂಗೇ ಆಗಿರಲಿಲ್ಲ.

ಮಾರುಕಟ್ಟೆಯಿಂದ ಏನೂ ಆಗೋದೇ ಇಲ್ಲ ಅಂತಲ್ಲ. ಅಮೆರಿಕದವರು 1990ರ ಕಾನೂನಿನಲ್ಲಿ ಕಲ್ಲಿದ್ದಲು ಸ್ಥಾವರಗಳ ಗಂಧಕದ ಹೊಗೆಗೆ ಪರ್ಮಿಟ್ ಮಾಡಿ, ಕೊಂಡು ಮಾರೋಕೆ ಬಿಟ್ಟರು. ಹೊಗೆ ನಿಜಕ್ಕೂ ಇಳಿಯಿತು. ಆದರೆ ಅವರು ಒಟ್ಟು ಇಷ್ಟೇ ಹೊಗೆ ಅಂತ ಮೊದಲು ಮಿತಿ ಹಾಕಿದ್ದರು. ಚಿಮಣಿಗೆ ಮೀಟರ್ ಕೂರಿಸಿದ್ದರು. ಇಷ್ಟಕ್ಕಿಂತ ಜಾಸ್ತಿ ಮರ ಕಡಿಯೋ ಹಾಗಿಲ್ಲ ಅನ್ನೋ ಮಿತಿ ನಮ್ಮಲ್ಲಿ ಎಲ್ಲಿದೆ? ಅಂಗಡಿ ಮಾತ್ರ ತೆರೆದಿದ್ದೇವೆ.

2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯ 40 ಮರ ಹೋಯಿತು. ರಸ್ತೆ ಅಗಲ ಆಗಬೇಕಿತ್ತಂತೆ. ಬದಲಿ ಗಿಡ ನೆಡ್ತೀವಿ ಅನ್ನೋ ಮಾತು ಇದ್ದೇ ಇರುತ್ತೆ. ಮಧ್ಯಾಹ್ನ ಒಂದೂವರೆಗೆ ಅಲ್ಲಿ ಆಟೋ ನಿಲ್ಲಿಸಿಕೊಂಡು ಕೂತವನಿಗೆ ಇನ್ನೆಲ್ಲೋ ಇರುವ ಮೊಳಕಾಲುದ್ದದ ಸಸಿ ಏನು ಕೊಡುತ್ತೆ ರೀ? ಕೇಳಿ ಕೇಳಿ ಸಾಕಾಗಿದೆ. ಲೆಕ್ಕ ಬೇಡ, ವರದಿ ಬೇಡ. ಅದೇ ರಸ್ತೆಯಲ್ಲಿ ನೆಡಿ. ಬೇಸಿಗೆಯಲ್ಲಿ ನೀರು ಹಾಕಿ. ಹಸು ತಿನ್ನದ ಹಾಗೆ ಬೇಲಿ ಕಟ್ಟಿ. ಆಮೇಲೆ ಕ್ರೆಡಿಟ್ ಯಾರು ಬೇಕಾದ್ರೂ ತಗೊಳ್ಳಿ.